ಹಂಡೆಯ ತಾಮ್ರ, ತುತ್ತದ ತಾಮ್ರ

ಮಳೆ ಹಿಡಿಯುವ ಮೊದಲು ಶಿರಸಿ ಸೀಮೆಯ ನಾವು ಪೇಟೆಗೆ ಹೋದರೆ ಎರಡು ಧಾರಣೆ ಕೇಳುತ್ತೇವೆ: ಅಡಿಕೆಯದು ಮತ್ತು ಮೈಲುತುತ್ತದ್ದು. ಎರಡನೆಯದನ್ನು ಕೇಳಿದವರ ಮುಖ ಈಚೆಗೆ ಸಪ್ಪಗಾಗುತ್ತದೆ. ಅಂಗಡಿಯವರ ಉತ್ತರ ಚಿಕ್ಕದು: ‘ತಾಮ್ರದ ರೇಟು ಏರಿದೆ.’ ಅದು ಯಾಕೆ ಏರಿತು ಎಂದು ಕೇಳುವಷ್ಟು ವ್ಯವಧಾನ ಕೌಂಟರಿನ ಎರಡೂ ಕಡೆ ಇರುವುದಿಲ್ಲ.

ತುತ್ತವೆಂದರೆ ತಾಮ್ರದ ಸಲ್ಫೇಟ್. ಆ ನೀಲಿ ಹರಳಿನ ತೂಕದಲ್ಲಿ ಕಾಲು ಭಾಗ ತಾಮ್ರವೇ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. 200 ಲೀಟರಿನ ಒಂದು ಡ್ರಮ್ಮಿಗೆ ಅರ್ಧ ಕಿಲೋ ತಾಮ್ರ ಸುರಿದಂತಾಯಿತು. ಈಗ ಇನ್ನೊಂದು ಲೆಕ್ಕ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ ಬ್ಯಾಟರಿಯಲ್ಲಿ ಓಡುವ ಒಂದು ಕಾರಿಗೆ ಸುಮಾರು 53 ಕಿಲೋ ತಾಮ್ರ ಬೇಕು. ಪೆಟ್ರೋಲ್ ಕಾರಿಗೆ 22 ಸಾಕು. ನೂರು ಚಿಲ್ಲರೆ ಡ್ರಮ್ ಔಷಧಿಗೂ ಒಂದು ವಿದ್ಯುತ್ ಕಾರಿಗೂ ತಾಮ್ರದ ತೂಕ ಸರಿಸಮ. ನಮ್ಮ ಕೊನೆಗೌಡ ಮರದ ತುದಿಯಲ್ಲಿ ನಿಂತು ಸಿಂಪಡಿಸುವುದೂ ಕಾರು ಕಾರ್ಖಾನೆಯವರು ಕೊಳ್ಳುವುದೂ ಒಂದೇ ಸಂತೆಯ ಸರಕು.

ಆ ಸಂತೆಯಲ್ಲಿ ಗಿರಾಕಿಗಳು ಹೆಚ್ಚಿದ್ದಾರೆ. ಸಮುದ್ರದಲ್ಲಿ ನಿಲ್ಲಿಸುವ ಗಾಳಿಯಂತ್ರಗಳಿಗೆ ಒಂದು ಮೆಗಾವಾಟ್‌ಗೆ ಸುಮಾರು 8 ಟನ್ ತಾಮ್ರ ಬೇಕು. ಅದರಲ್ಲಿ ಬಹುಪಾಲು ದಡದವರೆಗೆ ಎಳೆಯುವ ಕೇಬಲ್ಲಿನದು. ಸೌರಫಲಕಗಳಿಗೆ ಅಷ್ಟು ಬೇಡವಾದರೂ ಟನ್ನುಗಳ ಲೆಕ್ಕವೇ. ಕೈಗಾದಿಂದ ಕಾಡು ಸೀಳಿಕೊಂಡು ಬರುವ ಗೋಪುರಗಳ ತಂತಿಯೂ ತಾಮ್ರದ್ದೆಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ಅದು ನಡುವಿನ ಉಕ್ಕಿನ ಎಳೆಗೆ ಸುತ್ತಿದ ಅಲ್ಯೂಮಿನಿಯಂ. ಒಂದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ಶೇ 60ರಷ್ಟು ಮಾತ್ರ ವಿದ್ಯುತ್ ಒಯ್ಯುತ್ತದೆ, ಆದರೆ ತೂಕ ಮೂರನೆಯ ಒಂದು ಪಾಲೂ ಇಲ್ಲ. ಗೋಪುರಕ್ಕೆ ಹಗುರವೇ ಮುಖ್ಯ, ದಪ್ಪಗಿದ್ದರೂ ನಡೆಯುತ್ತದೆ. ಮೋಟಾರಿನ ಹೊಟ್ಟೆಯಲ್ಲಿ ಜಾಗವೇ ಇಲ್ಲ; ಅಲ್ಲಿ ತಾಮ್ರವೇ ಬೇಕು. ಪಂಪ್‌ಸೆಟ್ ಸುಟ್ಟಾಗ ವೈಂಡಿಂಗ್ ಅಂಗಡಿಯವರು ಕರಕಲು ತಂತಿಯನ್ನೂ ತೂಗಿ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ಹಾಗಾದರೆ ಇನ್ನಷ್ಟು ಅಗೆಯಬಾರದೇ? ನೆಲದಲ್ಲಿ ತಾಮ್ರ ಮುಗಿದಿಲ್ಲ, ತೆಳುವಾಗಿದೆ. ನೂರು ವರ್ಷದ ಹಿಂದೆ ಶೇ 2ರ ಆಸುಪಾಸಿನ ಅದಿರು ಅಪರೂಪವಾಗಿರಲಿಲ್ಲ. ಈಗ ದೊಡ್ಡ ಗಣಿಗಳು ಶೇ 0.6ರ ಸುತ್ತಮುತ್ತ ಕೆಲಸ ಮಾಡುತ್ತವೆ. ಹತ್ತು ಕಿಲೋ ತೂಗುವ ಒಂದು ಬಚ್ಚಲ ಹಂಡೆಗೆ ಸುಮಾರು ಒಂದೂಮುಕ್ಕಾಲು ಟನ್ ಅದಿರು ಪುಡಿಯಾಗಬೇಕು. ಅದರ ಮೇಲಿನ ಮಣ್ಣು, ಬಂಡೆ, ಬಳಸಿದ ನೀರು ಬೇರೆ. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಸುಮಾರು 2.3 ಕೋಟಿ ಟನ್ ತಾಮ್ರ ಬರುತ್ತಿದ್ದು, ಕಾಲು ಭಾಗದಷ್ಟು ಚಿಲಿ ದೇಶವೊಂದರದೇ. ಹೊಸ ಗಣಿ ಪತ್ತೆಯಾದ ದಿನದಿಂದ ಲೋಹ ಹೊರಬರಲು ಸರಾಸರಿ 16 ವರ್ಷ ಬೇಕು. ಅಡಿಕೆ ಸಸಿ ಅಷ್ಟರಲ್ಲಿ ಹತ್ತು ಫಸಲು ಕೊಟ್ಟಿರುತ್ತದೆ. ಇದ್ದದ್ದೂ ನಿಲ್ಲಬಹುದು: ಪನಾಮಾದ ದೊಡ್ಡ ಗಣಿ 2023ರಲ್ಲಿ ಜನರ ಪ್ರತಿಭಟನೆ ಮತ್ತು ಕೋರ್ಟಿನ ತೀರ್ಪಿನ ನಂತರ ಬಂದ್ ಆಯಿತು. ನಮ್ಮಲ್ಲೇ ತೂತ್ತುಕ್ಕುಡಿಯ ತಾಮ್ರ ಕರಗಿಸುವ ಕಾರ್ಖಾನೆ 2018ರಲ್ಲಿ ಮುಚ್ಚಿತು. ಅಲ್ಲಿಯವರೆಗೆ ಶುದ್ಧ ತಾಮ್ರವನ್ನು ಹೆಚ್ಚಾಗಿ ಹೊರಗೆ ಮಾರುತ್ತಿದ್ದ ಭಾರತ ಹೊರಗಿನಿಂದ ಕೊಳ್ಳುವ ದೇಶವಾಯಿತು. ಎರಡೂ ಕಡೆ ಬೀದಿಗಿಳಿದವರ ದೂರು ನೀರು, ಕಾಡು, ಗಾಳಿಯ ಬಗ್ಗೆಯೇ ಇತ್ತು. ಕಾಳಿ, ಶರಾವತಿ ಕಣಿವೆಗಳಲ್ಲಿ ಅಣೆಕಟ್ಟುಗಳನ್ನು ಕಂಡ ನಮಗೆ ಆ ದೂರು ಅರ್ಥವಾಗದೇ ಇರದು. 2020ರ ಮಾರ್ಚಿನಲ್ಲಿ ಟನ್ನಿಗೆ 5,000 ಡಾಲರಿಗಿಂತ ಕೆಳಗಿದ್ದ ಲಂಡನ್ ಮಾರುಕಟ್ಟೆಯ ತಾಮ್ರದ ಧಾರಣೆ 2024ರ ಮೇ ತಿಂಗಳಲ್ಲಿ 11,000 ದಾಟಿತು.

ತಾಮ್ರದ ಒಂದು ಗುಣ ನನಗೆ ಬಹಳ ಮೆಚ್ಚುಗೆ: ಎಷ್ಟು ಸಲ ಕರಗಿಸಿ ಶುದ್ಧ ಮಾಡಿದರೂ ಅದರ ವಾಹಕಶಕ್ತಿ ಕುಂದುವುದಿಲ್ಲ. ಆದರೂ ಗುಜರಿಯಿಂದಲೇ ಜಗತ್ತು ನಡೆಯದು. ಕಟ್ಟಡದ ಗೋಡೆಯೊಳಗೆ ಹೋದ ತಂತಿ ಮೂವತ್ತು ನಲವತ್ತು ವರ್ಷ ಹೊರಬರುವುದಿಲ್ಲ. ಇಂದು ಮರಳಿ ಸಿಗುವುದು 1990ರ ದಶಕದಲ್ಲಿ ಹಾಕಿದ್ದು. ಆಗ ಜಗತ್ತು ಬಳಸುತ್ತಿದ್ದುದೇ ಇಂದಿನ ಅರ್ಧದಷ್ಟು.

ತೋಟಕ್ಕೆ ಹೊಡೆದ ತಾಮ್ರದ ಕತೆ ಇನ್ನೂ ಬೇರೆ. ಅದು ಗೊನೆಯಿಂದ ಮಳೆಯಲ್ಲಿ ತೊಳೆದು ಮಣ್ಣಿಗೆ ಇಳಿಯುತ್ತದೆ, ಅಲ್ಲೇ ಅಂಟಿಕೊಂಡು ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಯಾವ ಗುಜರಿಯವನೂ ಅದನ್ನು ಹೆಕ್ಕಲಾರ. ಮಳೆ ತಾಗದಂತೆ ಗೊನೆಗೆ ಕೊಟ್ಟೆಯ ಹೊದಿಕೆ ಕಟ್ಟುತ್ತಿದ್ದ ಹಿರಿಯರಿಗೆ ಈ ಖರ್ಚು ಇರಲಿಲ್ಲ, ಆದರೆ ಕೊಟ್ಟೆ ಕಟ್ಟುವ ಕೈಗಳು ಈಗ ಎಲ್ಲಿವೆ?

ನಮ್ಮ ಮನೆಯ ಹಂಡೆಗೆ ಗುಜರಿಯವನು ಪ್ರತಿ ವರ್ಷ ಬೆಲೆ ಏರಿಸುತ್ತಾನೆ. ಮಾಡಿನ ಮೇಲೆ ಸೋಲಾರ್ ಹೀಟರ್ ಇದೆಯಲ್ಲ ಎಂದು ಈ ಸಲ ತೋರಿಸಿಯೂ ತೋರಿಸಿದ. ಆಯಿ ಮೋಡ ಕವಿದ ಆಕಾಶವನ್ನು ಒಮ್ಮೆ ನೋಡಿ, ಬಚ್ಚಲೊಲೆಗೆ ಕಟ್ಟಿಗೆ ತುರುಕಲು ಒಳಗೆ ಹೋದಳು.