ಐದು ಕಿಟಕಿಯ ಸುರಂಗ ಮತ್ತು ರಸ್ತೆ ಪಕ್ಕದ ಮನೆಯವರು

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ಕಣಿವೆಯಲ್ಲಿ, 1915ರಲ್ಲಿ ಬಂಡೆ ಕೊರೆದು ಒಂದು ಸುರಂಗ ಮಾಡಿದರು. ಜಾಗದ ಹೆಸರು ಮಿಚೆಲ್ ಪಾಯಿಂಟ್. ಸುರಂಗದ ಗೋಡೆಯಲ್ಲಿ ನದಿ ಕಡೆಗೆ ಐದು ಕಿಟಕಿಗಳು. ಕಾರು ಮುಂದೆ ಹೋದ ಹಾಗೆ ಕತ್ತಲು, ಬೆಳಕು, ಮತ್ತೆ ಕತ್ತಲು. ಬೆಳಕು ಬಂದಾಗಲೆಲ್ಲ ಕೆಳಗೆ ನದಿ.

ಈ ರಸ್ತೆ ರೂಪಿಸಿದ ಇಂಜಿನಿಯರ್ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್. 1908ರಲ್ಲಿ ಯುರೋಪಿಗೆ ಹೋಗಿದ್ದಾಗ ಅಲ್ಲಿನ ಬೆಟ್ಟದ ರಸ್ತೆಗಳನ್ನು ಕಣ್ಣಾರೆ ನೋಡಿ ಬಂದಿದ್ದರು. ಜಲಪಾತ ಎಲ್ಲಿದೆಯೋ ರಸ್ತೆ ಅಲ್ಲಿಗೇ ಹೋಗಬೇಕು ಅನ್ನುವುದು ಅವರ ಆಸೆ. ಹಾಗಂತ ಏರು ಜಾಸ್ತಿ ಆಗಬಾರದು, 100 ಅಡಿಗೆ 5 ಅಡಿ ಸಾಕು ಎಂದು ಗೆರೆ ಎಳೆದಿದ್ದರು.

1950ರ ದಶಕದಲ್ಲಿ ನದಿ ಪಕ್ಕದಲ್ಲೇ ನೇರವಾದ ಹೊಸ ಹೆದ್ದಾರಿ ಬಂತು. ಹಳೇ ರಸ್ತೆ ತುಂಡು ತುಂಡಾಯಿತು. ಮೋಸಿಯರ್ ಹತ್ತಿರದ ಜೋಡಿ ಸುರಂಗಗಳಿಗೆ ಕಲ್ಲು ತುಂಬಿ ಮುಚ್ಚಿದರು. 1966ರಲ್ಲಿ ಹೆದ್ದಾರಿ ಅಗಲ ಮಾಡುವಾಗ ಐದು ಕಿಟಕಿಯ ಸುರಂಗವನ್ನೇ ಒಡೆದು ಹಾಕಿದರು. ಹೆದ್ದಾರಿಗಳ ಅಂದ ಕಾಪಾಡುವ ಫೆಡರಲ್ ಕಾನೂನು ಬಂದು ಆಗಿನ್ನೂ ಒಂದು ವರ್ಷ! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 1965ರ ಆ ಕಾನೂನಿನ ಕಣ್ಣು ಹೆಚ್ಚಾಗಿ ಜಾಹೀರಾತು ಫಲಕಗಳ ಮೇಲೆ, ಗುಜರಿ ಅಂಗಳಗಳ ಮೇಲೆ.

ರಸ್ತೆ ಸರ್ಕಾರದ್ದು, ಸರಿ. ಆದರೆ ರಸ್ತೆಯಿಂದ ಕಾಣುವ ಇಳಿಜಾರು, ತೋಟ, ಮನೆ ಯಾರದ್ದೋ ಸ್ವಂತದ್ದು ಅಲ್ವಾ? ಅವರನ್ನು ಬಿಟ್ಟು ನೋಟ ಉಳಿಸುವುದು ಹೇಗೆ? 1986ರಲ್ಲಿ ಕಣಿವೆಯನ್ನು ರಾಷ್ಟ್ರೀಯ ರಮಣೀಯ ಪ್ರದೇಶ ಎಂದು ಘೋಷಿಸುವ ಕಾನೂನು ಬಂದಾಗ ಅಲ್ಲಿನ ಜನರಲ್ಲಿ ತುಂಬಾ ಮಂದಿ ವಿರೋಧಿಸಿದ್ದರು. ನಮ್ಮ ಜಾಗದಲ್ಲಿ ನಾವೇನು ಕಟ್ಟಬೇಕು ಅಂತ ಬೇರೆಯವರು ಯಾಕೆ ಹೇಳಬೇಕು ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಕಣಿವೆಯಲ್ಲಿ ಏನು ಕಟ್ಟಬಹುದು ಎಂದು ನಿಯಮ ಮಾಡುವ ಆಯೋಗದಲ್ಲಿ ಯಾರಿರಬೇಕು ಅನ್ನುವುದು ಮುಖ್ಯವಾಯಿತು. ಮತ ಹಾಕುವ ಸದಸ್ಯರು 12 ಮಂದಿ. ಅದರಲ್ಲಿ ಆರು ಜನರನ್ನು ಕಣಿವೆಯ ಆರು ಕೌಂಟಿಗಳೇ (ನಮ್ಮ ಜಿಲ್ಲೆಗಳಂಥವು) ನೇಮಿಸುತ್ತವೆ. ಉಳಿದವರನ್ನು ಒರೆಗಾನ್ ಮತ್ತು ನದಿಯಾಚೆಯ ವಾಷಿಂಗ್ಟನ್ ರಾಜ್ಯಗಳ ರಾಜ್ಯಪಾಲರು ತಲಾ ಮೂವರಂತೆ ಆರಿಸುತ್ತಾರೆ.

ಆಯೋಗದ ನಿಯಮ ಮನೆಯ ಬಣ್ಣದವರೆಗೂ ಹೋಗುತ್ತದೆ. ಮುಖ್ಯ ನೋಟದ ಜಾಗಗಳಿಂದ ಕಾಣುವ ಹೊಸ ಮನೆಗೆ ಮಣ್ಣಿನಂಥ ಗಾಢ ಬಣ್ಣ ಇರಬೇಕು. ಹಳೇ ರಸ್ತೆಯೂ ಅಂಥ ಒಂದು ಜಾಗ. ಮೊದಲು ಕೇಳಿದಾಗ ಇದು ಅತಿಯಾಯಿತು ಅನ್ನಿಸಬಹುದು. ಆದರೆ ಹಸಿರು ಗುಡ್ಡದ ನಡುವೆ ಒಂದೇ ಒಂದು ಬಿಳಿ ಗೋಡೆ ಇದ್ದರೂ ಸಾಕು, ಕಣ್ಣು ಸುಮ್ನೆ ಅಲ್ಲೇ ಹೋಗಿ ನಿಲ್ಲುತ್ತದೆ.

1987ರಲ್ಲಿ ಒರೆಗಾನ್ ಶಾಸನಸಭೆ ಹಳೇ ರಸ್ತೆಯನ್ನು ಉಳಿಸಿ, ತುಂಡುಗಳನ್ನು ಮತ್ತೆ ಜೋಡಿಸಿ ಎಂದಿತು. 1991ರಲ್ಲಿ ಇಡೀ ದೇಶಕ್ಕೇ ರಮಣೀಯ ರಸ್ತೆಗಳ ಯೋಜನೆ ಶುರುವಾಯಿತು. ಈ ಯೋಜನೆಯಡಿ ಮನ್ನಣೆ ಬೇಕಾದರೆ ರಸ್ತೆಯ ನಿರ್ವಹಣಾ ಯೋಜನೆ ಕೊಡಬೇಕು. ಅದನ್ನು ಮಾಡುವಾಗ ರಸ್ತೆ ಪಕ್ಕದ ಜನರೂ ಜೊತೆಗಿರಬೇಕು.

ಮೋಸಿಯರ್ ಸುರಂಗಗಳ ಕಲ್ಲು ತೆಗೆದು 2000ದಲ್ಲಿ ನಡೆಯುವವರಿಗೆ, ಸೈಕಲ್‌ನವರಿಗೆ ಬಿಟ್ಟುಕೊಟ್ಟರು. ಮಿಚೆಲ್ ಪಾಯಿಂಟ್‌ನಲ್ಲಿ ಮತ್ತೆ ಬಂಡೆ ಕೊರೆದರು. ಹೊಸ ಸುರಂಗ 2025ರಲ್ಲಿ ತೆರೆಯಿತು. ಅಲ್ಲಿಗೆ ಕಾರು ಹೋಗುವಂತಿಲ್ಲ. ನದಿ ಕಡೆಗೆ ಕಿಟಕಿ ಇಟ್ಟಿದ್ದಾರೆ, ಐದು.