41 ಪಂದ್ಯ, 41 ಗೆಲುವು: ಎದುರಾಳಿಗಳು ದುರ್ಬಲರಾಗಿದ್ದರಾ?

ಓದುಗರ ಪ್ರಶ್ನೆ: ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಮಹಿಳಾ ಐಸ್ ಹಾಕಿ ತಂಡ ಒಂದು ಸೀಸನ್ ಪೂರ್ತಿ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತಂತೆ. ಎದುರಿಗೆ ಆಡಿದವರು ಅಷ್ಟೊಂದು ದುರ್ಬಲರಾಗಿದ್ದರಾ?

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಅನುಮಾನ ಬರುವುದೂ ಸಹಜವೇ. 2012-13ರ ಸೀಸನ್‌ನಲ್ಲಿ ಮಿನೆಸೋಟ ಗೋಲ್ಡನ್ ಗೋಫರ್ಸ್ ಆಡಿದ್ದು 41 ಪಂದ್ಯ, ಗೆದ್ದದ್ದು 41. ಸೋಲಂತೂ ಇಲ್ಲ, ಡ್ರಾ ಕೂಡ ಒಂದೂ ಇಲ್ಲ. ಅಮೆರಿಕದ ಕಾಲೇಜು ಮಹಿಳಾ ಐಸ್ ಹಾಕಿಯಲ್ಲಿ ಅದಕ್ಕೂ ಮೊದಲು ಯಾರೂ ಇದನ್ನು ಮಾಡಿರಲಿಲ್ಲ. ಪುರುಷರ ಕಡೆ ನೋಡಿದರೂ 1970ರಲ್ಲಿ 29 ಪಂದ್ಯ ಆಡಿ 29ನ್ನೂ ಗೆದ್ದ ಕಾರ್ನೆಲ್ ತಂಡ ಒಂದೇ ಸಿಗುತ್ತದೆ.

ಲೀಗ್‌ನಲ್ಲಿ ಕೆಲವು ತಂಡಗಳು ಗೋಫರ್ಸ್‌ಗೆ ಸಾಟಿಯಾಗಿರಲಿಲ್ಲ ಅನ್ನುವುದು ನಿಜ. ಎಷ್ಟೋ ಪಂದ್ಯಗಳು ಏಕಪಕ್ಷೀಯವಾಗಿದ್ದವು. ಆದರೆ ಆ ಲೀಗ್ ಯಾವುದು ಅಂತಲೂ ನೋಡಬೇಕಲ್ವಾ? ಅದು ಡಬ್ಲ್ಯುಸಿಎಚ್‌ಎ, ಅಂದರೆ ವೆಸ್ಟರ್ನ್ ಕಾಲೇಜಿಯೇಟ್ ಹಾಕಿ ಅಸೋಸಿಯೇಷನ್. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರುವಾದದ್ದು 2001ರಲ್ಲಿ. ಅಲ್ಲಿಂದ 2013ರವರೆಗಿನ ಹದಿಮೂರೂ ಪ್ರಶಸ್ತಿಗಳು ಈ ಒಂದೇ ಲೀಗ್‌ನ ತಂಡಗಳ ಪಾಲಾಗಿವೆ. ಮಿನೆಸೋಟ ಡುಲುತ್, ವಿಸ್ಕಾನ್ಸಿನ್, ಮಿನೆಸೋಟ, ಈ ಮೂವರೇ ಹಂಚಿಕೊಂಡಿದ್ದು. ಎಂಟು ತಂಡಗಳ ಆ ಲೀಗ್‌ನಲ್ಲಿ ಪ್ರತಿ ತಂಡದ ಜೊತೆ ನಾಲ್ಕು ಸಲ ಆಡಬೇಕಿತ್ತು. ಅಂದರೆ ವಿಸ್ಕಾನ್ಸಿನ್ ಎದುರು ನಾಲ್ಕು, ಡುಲುತ್ ಎದುರು ನಾಲ್ಕು, ನಾರ್ತ್ ಡಕೋಟ ಎದುರು ನಾಲ್ಕು. ದೇಶದಲ್ಲೇ ಅತಿ ಗಟ್ಟಿಯಾದ ಲೀಗ್‌ನಲ್ಲಿ 28ಕ್ಕೆ 28 ಗೆದ್ದ ತಂಡದ ಬಗ್ಗೆ "ಸುಲಭದ ದಾರಿ ಸಿಕ್ಕಿತು" ಅನ್ನುವುದು ನ್ಯಾಯವಲ್ಲ.

ಇನ್ನು ತಂಡದ ಬಲ. ಪ್ರತಿ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ್ತಿಗೆ ಪ್ಯಾಟಿ ಕಾಜ್‌ಮಾಯರ್ ಪ್ರಶಸ್ತಿ ಕೊಡುತ್ತಾರೆ. 2013ರಲ್ಲಿ ಕೊನೆಯ ಸುತ್ತಿಗೆ ಬಂದ ಮೂವರೂ ಈ ಒಂದೇ ತಂಡದವರು: ಫಾರ್ವರ್ಡ್ ಅಮಾಂಡಾ ಕೆಸೆಲ್, ಡಿಫೆಂಡರ್ ಮೇಗನ್ ಬೋಜೆಕ್, ಗೋಲ್‌ಕೀಪರ್ ನೂರಾ ರ‍್ಯಾಟಿ. ಪ್ರಶಸ್ತಿ ಸಿಕ್ಕಿದ್ದು ಕೆಸೆಲ್‌ಗೆ. ಐಸ್ ಹಾಕಿಯಲ್ಲಿ ಗೋಲು ಹೊಡೆದವರಿಗೂ ಅದಕ್ಕೆ ಪಾಸ್ ಕೊಟ್ಟವರಿಗೂ ಒಂದೊಂದು ಪಾಯಿಂಟ್ ಲೆಕ್ಕ. ಕೆಸೆಲ್ 37 ಪಂದ್ಯಗಳಲ್ಲಿ 46 ಗೋಲು ಹೊಡೆದು, 55ಕ್ಕೆ ನೆರವಾಗಿ, 101 ಪಾಯಿಂಟ್ ಗಳಿಸಿದಳು.

ನನ್ನನ್ನು ಕೇಳಿದರೆ ರ‍್ಯಾಟಿಯದು ಇನ್ನೂ ದೊಡ್ಡ ಕೆಲಸ. ಫಿನ್ಲೆಂಡ್‌ನ ಈ ಹುಡುಗಿ 16ನೇ ವಯಸ್ಸಿಗೇ 2006ರ ಒಲಿಂಪಿಕ್ಸ್ ತಂಡದಲ್ಲಿದ್ದವಳು, 2010ರಲ್ಲಿ ಕಂಚು ಗೆದ್ದವಳು. ಆ ಸೀಸನ್‌ನಲ್ಲಿ ಅವಳು ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಸರಾಸರಿ ಒಂದು ಗೋಲಿಗಿಂತ ಕಡಿಮೆ. ಗೋಲು ಹೊಡೆಯುವವರಿಗೆ ಒಂದು ದಿನ ಕೈಕೊಟ್ಟರೂ ಪಂದ್ಯ ಉಳಿಯುವುದು ಇಂಥ ಕೀಪರ್ ಹಿಂದೆ ನಿಂತಿದ್ದಾಗಲೇ.

ಅಂಥ ದಿನಗಳು ಬಂದದ್ದು ಕೊನೆಯಲ್ಲಿ. ಪ್ರಶ್ನೆಗೆ ನಿಜವಾದ ಉತ್ತರ ಇರುವುದೂ ಅಲ್ಲೇ.

ರಾಷ್ಟ್ರೀಯ ಟೂರ್ನಿಗೆ ಆಗ ಎಂಟು ತಂಡಗಳು ಬರುತ್ತಿದ್ದವು. ಒಂದು ಸಲ ಸೋತರೆ ಮನೆಗೆ. ಇಡೀ ಚಳಿಗಾಲದ ಗೆಲುವುಗಳು ಅಲ್ಲಿ ಲೆಕ್ಕಕ್ಕಿಲ್ಲ. ಕ್ವಾರ್ಟರ್‌ ಫೈನಲ್‌ನಲ್ಲಿ ಎದುರಾದದ್ದು ನಾರ್ತ್ ಡಕೋಟ. ಲೀಗ್‌ನಲ್ಲೇ ಮಿನೆಸೋಟಕ್ಕೆ ನಾಲ್ಕು ಸಲ ಸೋತಿದ್ದ ತಂಡ ಅದು, ಹಾಗಾಗಿ ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಜೊತೆಗೆ ಆ ತಂಡದಲ್ಲಿ ಜೋಸ್ಲಿನ್ ಮತ್ತು ಮೋನಿಕ್ ಲಾಮೊರೊ ಎಂಬ ಅವಳಿ ಸಹೋದರಿಯರಿದ್ದರು. ಇಬ್ಬರೂ ಮೊದಲ ವರ್ಷ ಮಿನೆಸೋಟಕ್ಕೇ ಆಡಿ, ಆಮೇಲೆ ನಾರ್ತ್ ಡಕೋಟಕ್ಕೆ ಹೋದವರು. 2018ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ವಿರುದ್ಧ ಅಮೆರಿಕಕ್ಕೆ ಸಮಬಲದ ಗೋಲು ತಂದವಳು ಮೋನಿಕ್. ಶೂಟೌಟ್‌ನಲ್ಲಿ ಚಿನ್ನ ಗೆಲ್ಲಿಸಿದ ಗೋಲು ಜೋಸ್ಲಿನ್‌ಳದು. ಇವರನ್ನು ದುರ್ಬಲರು ಅನ್ನಲು ಆಗುತ್ತಾ?

ಪಂದ್ಯದ ಅವಧಿ ಇಪ್ಪತ್ತು ನಿಮಿಷದ ಮೂರು ಭಾಗ, ಒಟ್ಟು 60 ನಿಮಿಷ. ಅದು ಮುಗಿದಾಗ 2-2. ಟೂರ್ನಿಯಲ್ಲಿ ಡ್ರಾ ಇಲ್ಲ. ಯಾರಾದರೂ ಗೋಲು ಹೊಡೆಯುವ ತನಕ ಇಪ್ಪತ್ತಿಪ್ಪತ್ತು ನಿಮಿಷದ ಓವರ್‌ಟೈಮ್ ನಡೆಯುತ್ತಲೇ ಇರುತ್ತದೆ, ಮೊದಲ ಗೋಲಿಗೇ ಆಟ ಮುಗಿಯುತ್ತದೆ. ಒಂದು ಓವರ್‌ಟೈಮ್ ಮುಗಿಯಿತು, ಗೋಲಿಲ್ಲ. ಎರಡನೆಯದೂ ಮುಗಿಯಿತು, ಇಲ್ಲ. ಮೂರನೆಯದರಲ್ಲಿ ಮಿನೆಸೋಟ ಗೋಲು ಹೊಡೆದು 3-2ರಿಂದ ಗೆದ್ದಿತು. ನೂರು ನಿಮಿಷ ದಾಟಿದ ಆಟ ಅದು. ಅಷ್ಟು ಹೊತ್ತಿನಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಒಂದೇ ಒಂದು ಸಲ ಯಾರದ್ದೋ ಸ್ಕೇಟ್‌ಗೆ ತಗುಲಿ ದಿಕ್ಕು ತಪ್ಪಿದ್ದರೂ ಸಾಕಿತ್ತು, ಈ ಲೇಖನವೇ ಇರುತ್ತಿರಲಿಲ್ಲ.

ಸೆಮಿಫೈನಲ್‌ನಲ್ಲೂ ಅದೇ ಕಥೆ. ಬಾಸ್ಟನ್ ಕಾಲೇಜ್ ವಿರುದ್ಧ ಮತ್ತೆ ಓವರ್‌ಟೈಮ್, ಮತ್ತೆ 3-2. ಮಾರ್ಚ್ 24ರ ಫೈನಲ್‌ನಲ್ಲಿ ಬಾಸ್ಟನ್ ವಿಶ್ವವಿದ್ಯಾಲಯವನ್ನು 6-3ರಿಂದ ಸೋಲಿಸಿದರು. ಆ ಕಡೆ ಆಡುತ್ತಿದ್ದವಳು ಮರಿ ಫಿಲಿಪ್ ಪೂಲನ್, 2010ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾದ ಎರಡೂ ಗೋಲು ಹೊಡೆದವಳು.

ಒಂದು ಅನುಕೂಲ ಇದ್ದದ್ದು ನಿಜ. ಈ ಮೂರೂ ಪಂದ್ಯ ನಡೆದದ್ದು ಮಿನಿಯಾಪೊಲಿಸ್‌ನ ರಿಡರ್ ಅರೀನಾದಲ್ಲಿ, ಗೋಫರ್ಸ್‌ನ ಸ್ವಂತ ರಿಂಕ್‌ನಲ್ಲಿ. ಅಮೆರಿಕದ ಕಾಲೇಜುಗಳಲ್ಲಿ ಮಹಿಳಾ ಹಾಕಿಗೆಂದೇ ಕಟ್ಟಿದ ಮೊದಲ ಕ್ರೀಡಾಂಗಣ ಅದು, 2002ರಲ್ಲಿ ಶುರುವಾಯಿತು. ತವರಿನ ಜನರ ಕೂಗು ಮೂರನೇ ಓವರ್‌ಟೈಮ್‌ನಲ್ಲಿ ದಣಿದ ಕಾಲಿಗೆ ಬಲ ಕೊಟ್ಟೇ ಕೊಡುತ್ತದೆ. ಆದರೆ ಹೆಣ್ಣುಮಕ್ಕಳ ಆಟಕ್ಕೆ ಒಂದು ವಿಶ್ವವಿದ್ಯಾಲಯ ಅಷ್ಟು ಮೊದಲೇ ಹಣ ಹಾಕಿತ್ತು. ಅದರ ಫಲ ಅದೇ ತಂಡಕ್ಕೆ ಸಿಕ್ಕರೆ ನನಗೆ ಖುಷಿಯೇ.

ಹಿಂದಿನ ಸೀಸನ್‌ನ ಕೊನೆಯ ಎಂಟು ಗೆಲುವು ಸೇರಿ ಆಗ ಸತತ 49 ಆಗಿತ್ತು. ಅದು 62ರ ತನಕ ಬೆಳೆಯಿತು. 2013ರ ನವೆಂಬರ್‌ನಲ್ಲಿ ಅದನ್ನು ಮುರಿದವರು ಬೇರೆ ಯಾರೂ ಅಲ್ಲ, ನಾರ್ತ್ ಡಕೋಟದವರೇ.

ಇಷ್ಟಾದರೂ ಅನುಮಾನ ಉಳಿದರೆ 2016ನ್ನು ನೋಡಿ. ಆ ವರ್ಷ ಬಾಸ್ಟನ್ ಕಾಲೇಜ್ 40 ಪಂದ್ಯ ಆಡಿ 40ನ್ನೂ ಗೆದ್ದು ಫೈನಲ್‌ಗೆ ಬಂತು. 2013ರ ಸೆಮಿಫೈನಲ್ ಸೋತಾಗ ಎರಡನೇ ವರ್ಷದಲ್ಲಿದ್ದ ಅಲೆಕ್ಸ್ ಕಾರ್ಪೆಂಟರ್ ಈಗ ಹಿರಿಯಳು, ದೇಶದ ಅತ್ಯುತ್ತಮ ಆಟಗಾರ್ತಿಯರಲ್ಲಿ ಒಬ್ಬಳು. ಅವರಿಗೆ ಬೇಕಿದ್ದದ್ದು ಇನ್ನೊಂದೇ ಗೆಲುವು. ಎದುರಿಗೆ ಬಂದದ್ದು ಮಿನೆಸೋಟ. ಆಟ ಶುರುವಾದ 13ನೇ ಸೆಕೆಂಡಿಗೆ ಗೋಫರ್ಸ್ ಮೊದಲ ಗೋಲು ಹೊಡೆದರು, 3-1ರಿಂದ ಗೆದ್ದರು. ಬಾಸ್ಟನ್ ಕಾಲೇಜ್‌ನ ಸೀಸನ್ 40-1ಕ್ಕೆ ನಿಂತಿತು.