ಸಾಂಕೇತಿಕ ಸ್ವಾಧೀನ

ಬೆಳಗಾವಿಯ ಯಾವುದೇ ಓಣಿಯಲ್ಲಿ ಬ್ಯಾಂಕಿನವರು ಮನೆಯ ಬಾಗಿಲಿಗೆ ನೋಟಿಸು ಅಂಟಿಸಿ ಫೋಟೊ ತೆಗೆದುಕೊಂಡು ಹೋದರೆ, ಸಂಜೆಯೊಳಗೆ ‘ಮನಿ ಜಪ್ತಿ ಆತು’ ಎಂಬ ಸುದ್ದಿ ಹಬ್ಬುತ್ತದೆ. ಕಾನೂನಿನ ಪ್ರಕಾರ ಅದು ಸಾಮಾನ್ಯವಾಗಿ ಸಾಂಕೇತಿಕ ಸ್ವಾಧೀನ. ಅಡಮಾನದ ಮನೆಯನ್ನು ಬ್ಯಾಂಕು ಕಾಗದದ ಮೇಲೆ ವಶಕ್ಕೆ ಪಡೆದು, ಅದರ ವ್ಯವಹಾರ ಮಾಡಬಾರದೆಂದು ಸಾಲಗಾರರಿಗೂ ಸಾರ್ವಜನಿಕರಿಗೂ ಎಚ್ಚರಿಸುವ ಕ್ರಮವಿದು. ಕೀಲಿ ಇನ್ನೂ ಮನೆಯವರ ಕೈಯಲ್ಲೇ ಇರುತ್ತದೆ.

ಇದಕ್ಕೆ ಆಧಾರ, ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ. ಕಂತು 90 ದಿನ ಮೀರಿ ಬಾಕಿ ಉಳಿದು ಸಾಲ ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ಬ್ಯಾಂಕು ಬೇಡಿಕೆ ನೋಟಿಸು ಕೊಟ್ಟು 60 ದಿನ ಕಾಯಬೇಕು. ಆ ಅವಧಿಯಲ್ಲಿ ಸಾಲಗಾರರು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಅದನ್ನು ಒಪ್ಪದ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಲೇಬೇಕು. ಸ್ವಾಧೀನದ ನೋಟಿಸು ಬರುವುದು ಇದೆಲ್ಲ ಮುಗಿದ ನಂತರ. ಏಳು ದಿನಗಳೊಳಗೆ ಅದು ಎರಡು ಪತ್ರಿಕೆಗಳಲ್ಲಿಯೂ ಪ್ರಕಟವಾಗಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು.

ನೋಟಿಸು ಕಂಡು ಹೆದರಿ ಮನೆ ಬಿಟ್ಟು ಹೋಗುವುದು ಎಷ್ಟು ತಪ್ಪೋ, ಬರೀ ಕಾಗದವೆಂದು ಸುಮ್ಮನಿರುವುದು ಅದಕ್ಕಿಂತ ದೊಡ್ಡ ತಪ್ಪು. ಈ ಕ್ರಮವನ್ನು ಪ್ರಶ್ನಿಸಲು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಇರುವುದು 45 ದಿನ ಮಾತ್ರ. ಸಾಂಕೇತಿಕ ಸ್ವಾಧೀನವಾದಾಗಲೇ ಆ ಹಕ್ಕು ಹುಟ್ಟುತ್ತದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಜಿಲ್ಲಾಧಿಕಾರಿಗಳ ಆದೇಶ ಹಿಡಿದು ಪೊಲೀಸರೊಡನೆ ಮನೆ ಖಾಲಿ ಮಾಡಿಸಲು ಬಂದಾಗ ನೋಡೋಣವೆಂದು ಕಾಯ್ದವರಿಗೆ ಈ ಗಡುವು ಕೈತಪ್ಪಿರುತ್ತದೆ. ಊರಿನ ಸಿವಿಲ್ ನ್ಯಾಯಾಲಯ ಸಾಮಾನ್ಯವಾಗಿ ಇಂಥ ತಕರಾರನ್ನು ಕೈಗೆತ್ತಿಕೊಳ್ಳುವಂತಿಲ್ಲ, ನ್ಯಾಯಮಂಡಳಿ ಇರುವುದು ದೂರದ ಬೆಂಗಳೂರಿನಲ್ಲಿ. ನಮ್ಮ ಭಾಗದ ಜನರಿಗೆ ಇದು ನಿಜವಾಗಿಯೂ ಕಷ್ಟದ ಸಂಗತಿ.

ಆದ್ದರಿಂದ ಮೊದಲು ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ; ಮನೆಯೊಡತಿಯ ಹೆಸರಿನಲ್ಲಿ ಸಾಲವಿರುವ ಕುಟುಂಬಗಳಿಗೂ ಇದು ತಿಳಿದಿರುವುದಿಲ್ಲ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ‘ಬ್ಯಾಂಕಿನಲ್ಲಿ ನಮ್ಮವರಿದ್ದಾರೆ, ಸೆಟಲ್‌ಮೆಂಟ್ ಮಾಡಿಸಿಕೊಡುತ್ತೇವೆ’ ಎಂದು ಮುಂಗಡ ಕೇಳುವ ಮಧ್ಯವರ್ತಿಗಳ ಖಾಲಿ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ. ರಾಜಿ ಬೇಕಿದ್ದರೆ ಶಾಖೆಗೆ ನೀವೇ ಅರ್ಜಿ ಬರೆದು ಸ್ವೀಕೃತಿಯ ಮುದ್ರೆ ಪಡೆಯಿರಿ. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಪೂರ್ತಿ ಬಾಕಿಯನ್ನು ಖರ್ಚುಸಹಿತ ಕಟ್ಟಿದರೆ ಬ್ಯಾಂಕು ಮನೆಯನ್ನು ಮಾರುವಂತಿಲ್ಲ.

ಸಹಕಾರಿ ಬ್ಯಾಂಕುಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆಂದು 2020ರಲ್ಲಿ ತೀರ್ಪಾಗಿದೆ. ಪತ್ತಿನ ಸಹಕಾರ ಸಂಘಗಳ ವಸೂಲಿಯ ದಾರಿ ಬೇರೆ. ಹೀಗಾಗಿ ಸಾಲ ಕೊಟ್ಟದ್ದು ಬ್ಯಾಂಕೋ ಸಂಘವೋ ಎಂಬುದನ್ನು ವಕೀಲರಿಗೆ ಮೊದಲೇ ತಿಳಿಸಿ, ಎರಡೂ ನೋಟಿಸು, ಅವು ಬಂದ ಅಂಚೆ ಲಕೋಟೆ, ಸಾಲದ ಖಾತೆಯ ಸ್ಟೇಟ್‌ಮೆಂಟ್ ಮತ್ತು ಬಾಗಿಲಿಗೆ ಅಂಟಿಸಿದ ದಿನ ತೆಗೆದ ಫೋಟೊ ಜೊತೆಗೆ ಒಯ್ಯಿರಿ.